ಗಲ್ಫ್‌ಗೆ ಹಬ್ಬದ ಕಟ್ಟು ಕಳಿಸುವವರೇ, ಒಳಗೆ ಗಸಗಸೆ ಉಂಟಾ? ಒಮ್ಮೆ ಬಿಚ್ಚಿ ನೋಡಿ

ಕುಂದಾಪುರ: ಹೋದ ವರ್ಷ ದೀಪಾವಳಿಗೆ ಎಂಟು ದಿನ ಇರುವಾಗ ಅಮ್ಮ ಬರೆದುಕೊಟ್ಟ ಚೀಟಿ ಹಿಡಿದುಕೊಂಡು ಪೇಟೆಯ ದಿನಸಿ ಅಂಗಡಿಗೆ ಹೋಗಿದ್ದೆ. ಭಾವ ಊರಿಗೆ ಬಂದಿದ್ದರು, ಮರುದಿನ ರಾತ್ರಿ ಬಜ್ಪೆಯಿಂದ ವಿಮಾನ. ಅಕ್ಕ ಮತ್ತು ಮಗು ಶಾರ್ಜಾದಲ್ಲೇ ಇದ್ದರು. ಅವರ ಹಬ್ಬಕ್ಕೆ ಇಲ್ಲಿಂದ ಹೋಗಬೇಕಾದ ಸಾಮಾನಿನ ಚೀಟಿ ಅದು. ಬೆಲ್ಲ, ಅವಲಕ್ಕಿ, ಎಳ್ಳು, ಕೊಬ್ಬರಿ, ಕರ್ಪೂರ, ವೀಳ್ಯದೆಲೆ, ಅಡಿಕೆ, ಗಸಗಸೆ ಕಾಲು ಕಿಲೋ.

ಅಂಗಡಿಯವರು ಚೀಟಿ ನೋಡಿ ತಲೆ ಎತ್ತಿ ಕೇಳಿದರು: "ಇದ್ ಮನೆಗಾ, ದುಬೈಗಾ?"

ಶಾರ್ಜಾಕ್ಕೆ ಅಂದೆ. ಅವರು ಪೆನ್ನು ತೆಗೆದು ಗಸಗಸೆಗೆ ಗೆರೆ ಎಳೆದರು. ಆಮೇಲೆ ವೀಳ್ಯದೆಲೆಗೆ. ಆಮೇಲೆ ಕರ್ಪೂರಕ್ಕೆ. ಆಮೇಲೆ ಕೊಬ್ಬರಿಗೆ. ನನಗೆ ಸ್ವಲ್ಪ ಸಿಟ್ಟೇ ಬಂತು. ಹಬ್ಬದ ಚೀಟಿಯಲ್ಲಿ ಇನ್ನೇನು ಉಳಿಯಿತು?

ಮನೆಗೆ ಬಂದು ಹೇಳಿದರೆ ಅಮ್ಮ ನಂಬಲಿಲ್ಲ. "ಗಸಗಸೆ ಅಂದ್ರೆ ಎಂತ ಬಂಗಾರವಾ? ಅದ್ಕೂ ಪೊಲೀಸರಾ?" ಅಂತ ಕೇಳಿದರು. ಅಷ್ಟು ಹೊತ್ತಿಗೆ ಸೂಟ್‌ಕೇಸಿನ ತಳದಲ್ಲಿ ಒಂದು ಡಬ್ಬ ಕರ್ಜಿಕಾಯಿ ಕೂತಾಗಿತ್ತು. ಅದರ ಹೂರಣದಲ್ಲಿ ಇರುವುದೇ ಕೊಬ್ಬರಿ, ಸಕ್ಕರೆ, ಹುರಿದ ಗಸಗಸೆ. ಹಿಂದಿನ ದಿನ ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದ್ದು. ಡಬ್ಬ ಹೊರಗೆ ತೆಗೆಯುವಾಗ ಅಮ್ಮ ಮಾತಾಡಲಿಲ್ಲ. ಆ ಕರ್ಜಿಕಾಯಿಯನ್ನು ನಾವು ಒಂದು ವಾರ ತಿಂದೆವು.

ಡಿಗ್ರಿ ಅರ್ಧಕ್ಕೆ ಬಿಟ್ಟ ಮೇಲೆ ನಾನು ಒಂದೂವರೆ ವರ್ಷ ಕೊರಿಯರ್ ಕೌಂಟರ್‌ನಲ್ಲಿ ಕೂತವನು. ಪಾರ್ಸಲ್ ವಿಷಯ ಗೊತ್ತುಂಟು ಅಂತ ಎಣಿಸಿದ್ದೆ. ಆದರೂ ಗಸಗಸೆ ನನ್ನ ತಲೆಗೆ ಹೊಳೆಯಲಿಲ್ಲ. ಆವತ್ತು ಅಂಗಡಿಯವರು ಕೇಳದೇ ಇದ್ದಿದ್ದರೆ ಆ ಡಬ್ಬ ದುಬೈ ವಿಮಾನ ನಿಲ್ದಾಣದವರೆಗೆ ಹೋಗುತ್ತಿತ್ತು. ಅದಕ್ಕೇ ಈ ಬರಹ. ಹಬ್ಬ ಬಂತೆಂದರೆ ನಮ್ಮ ತಾಲೂಕಿನ ಎಷ್ಟೋ ಮನೆಗಳಲ್ಲಿ ಇಂಥದ್ದೇ ಸೂಟ್‌ಕೇಸ್ ತಯಾರಾಗುತ್ತದೆ.

ಅಲ್ಲಿ ಹಬ್ಬ ಹೇಗೆ ನಡೆಯುತ್ತದೆ?

ಇಲ್ಲಿ ಕೂತವರಿಗೆ "ದುಬೈಯಲ್ಲಿ ಎಲ್ಲ ಸಿಗುತ್ತದೆ, ಹಬ್ಬಕ್ಕೇನು ಕಷ್ಟ" ಅನ್ನಿಸಬಹುದು. ಸಾಮಾನು ಸಿಗುತ್ತದೆ. ಕಷ್ಟ ಇರುವುದು ದಿನದ್ದು, ಜಾಗದ್ದು.

ಯುಎಇಯಲ್ಲಿ ದೀಪಾವಳಿಗಾಗಲಿ, ಚೌತಿಗಾಗಲಿ, ಯುಗಾದಿಗಾಗಲಿ ಸರ್ಕಾರಿ ರಜೆ ಇಲ್ಲ. ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ದೀಪಾವಳಿಗೆ ಮಕ್ಕಳಿಗೆ ರಜೆ ಸಿಗುವುದುಂಟು, ಆದರೆ ಅಪ್ಪನ ಕಂಪನಿಗೆ ಇಲ್ಲ. 2022ರ ಜನವರಿಯಿಂದ ಅಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಯಿತು, ಸರ್ಕಾರಿ ಕಚೇರಿಗೆ ಶುಕ್ರವಾರ ಅರ್ಧ ದಿನ. ಶಾರ್ಜಾದ ಸರ್ಕಾರಿ ಕಚೇರಿಗಳಿಗೆ ಶುಕ್ರವಾರದಿಂದ ಮೂರು ದಿನ. ಹಾಗಾಗಿ ವಾರದ ಮಧ್ಯೆ ಬಂದ ಹಬ್ಬದ ಪೂಜೆ ಆ ದಿನ ಸಂಜೆ ಚಿಕ್ಕದಾಗಿ ಮುಗಿಯುತ್ತದೆ. ನಾಲ್ಕು ಮನೆಯವರು ಸೇರಿ ಉಣ್ಣುವುದು, ಸಂಘದ ಕಾರ್ಯಕ್ರಮ ಎಲ್ಲ ವಾರದ ಕೊನೆಗೆ ಹೋಗುತ್ತದೆ.

ಜಾಗದ ಮಾತು ಇನ್ನೊಂದು. ನಮ್ಮಲ್ಲಿ ದೀಪಾವಳಿ ಅಂದರೆ ನೀರು ತುಂಬುವುದು, ಬಚ್ಚಲಿನ ಹಂಡೆಗೆ ಹೂ ಸುತ್ತುವುದು, ಎಣ್ಣೆಸ್ನಾನ, ಗದ್ದೆಗೆ ದೀಪ ಇಡುವುದು, ಬಲೀಂದ್ರನನ್ನು ಕರೆಯುವುದು, ಗೋಪೂಜೆ, ಅಂಗಡಿ ಪೂಜೆ. ಅಕ್ಕನ ಮನೆ ಹನ್ನೊಂದನೇ ಮಹಡಿಯಲ್ಲಿ. ಹಂಡೆ ಇಲ್ಲ, ಗೀಸರ್ ಉಂಟು. ಅವಳು ಪ್ಲಾಸ್ಟಿಕ್ ಬಕೆಟ್‌ಗೇ ಒಂದು ತುಂಡು ಹೂ ಕಟ್ಟಿ ನೀರು ತುಂಬುತ್ತಾಳೆ. ಗದ್ದೆ ಇಲ್ಲ, ಬಾಲ್ಕನಿಯ ಹೂಕುಂಡಕ್ಕೆ ದೀಪ. ಹೊಗೆ ಜಾಸ್ತಿಯಾದರೆ ಅಲಾರಾಂ ಹೊಡೆದುಕೊಳ್ಳುತ್ತದೆ, ಹಾಗಾಗಿ ಧೂಪ ಇಲ್ಲ, ಒಂದೇ ಊದುಬತ್ತಿ. ಚೌತಿಗೆ ತಂದ ಸಣ್ಣ ಮಣ್ಣಿನ ಗಣಪತಿಯನ್ನು ಮನೆಯ ಬಕೆಟ್‌ನಲ್ಲೇ ಮುಳುಗಿಸಿ, ಆ ಮಣ್ಣನ್ನು ಅದೇ ಹೂಕುಂಡಕ್ಕೆ ಹಾಕುತ್ತಾರೆ.

ದೇವಸ್ಥಾನದ ಅನುಕೂಲ ಮೊದಲಿಗಿಂತ ಹೆಚ್ಚಾಗಿದೆ. ದುಬೈಯ ಜೆಬೆಲ್ ಅಲಿಯಲ್ಲಿ 2022ರ ಅಕ್ಟೋಬರ್‌ನಲ್ಲಿ ಹೊಸ ಹಿಂದೂ ದೇವಸ್ಥಾನ ತೆರೆಯಿತು. ಅಬುಧಾಬಿಯಲ್ಲಿ 2024ರ ಫೆಬ್ರವರಿ 14ರಂದು ಬಿಎಪಿಎಸ್ ಮಂದಿರ ಉದ್ಘಾಟನೆಯಾಯಿತು. ಬಹ್ರೇನ್‌ನ ಮನಾಮಾ ಪೇಟೆಯೊಳಗೆ ಮತ್ತು ಒಮಾನ್‌ನ ಮಸ್ಕತ್‌ನಲ್ಲಿ ಹಿಂದಿನ ವ್ಯಾಪಾರಿಗಳ ಕಾಲದಿಂದ ಬಂದ ಹಳೆಯ ದೇವಸ್ಥಾನಗಳಿವೆ. ಸೌದಿಯ ಕಥೆ ಬೇರೆ. ಅಲ್ಲಿ ಹಿಂದೂ ದೇವಸ್ಥಾನ ಇಲ್ಲ, ಹಬ್ಬ ಏನಿದ್ದರೂ ಬಾಗಿಲು ಹಾಕಿಕೊಂಡು ಮನೆಯೊಳಗೆ. "ಗಲ್ಫ್" ಅಂತ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಆದರೆ ದೇಶಕ್ಕೊಂದು ಕ್ರಮ ಉಂಟು. ಮಗ ಇರುವುದು ದಮ್ಮಾಮಿನಲ್ಲಾ, ದೋಹಾದಲ್ಲಾ, ದುಬೈಯಲ್ಲಾ ಅನ್ನುವುದು ಕಟ್ಟು ಕಟ್ಟುವ ಮೊದಲೇ ನೆನಪಿರಬೇಕು.

ಗಸಗಸೆಗೆ ಯಾಕೆ ಇಷ್ಟು ಹೆದರಿಕೆ?

ಗಸಗಸೆ ಅಂದರೆ ಅಫೀಮು ಗಿಡದ ಬೀಜ. ಅದೇ ಗಿಡದ ಕಾಯಿಗೆ ಗೀರು ಹಾಕಿದಾಗ ಬರುವ ಹಾಲು ಗಟ್ಟಿಯಾದರೆ ಅಫೀಮು. ಮಾರ್ಫಿನ್ ಬರುವುದೂ ಅದರಿಂದಲೇ. ಬೀಜದಲ್ಲಿ ಅಮಲು ಇರುವುದಿಲ್ಲ ಅನ್ನುವಷ್ಟು ಕಡಿಮೆ. ಆದರೆ ಕಾಯಿಯ ಹಾಲು ಬೀಜಕ್ಕೆ ಸ್ವಲ್ಪ ತಾಗಿರಬಹುದು, ಆ ಬೀಜ ಬಿತ್ತಿದರೆ ಗಿಡವೂ ಹುಟ್ಟಬಹುದು.

ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಕೆಲವು ಕಡೆ ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದ ರೈತರು ಮಾತ್ರ ಈ ಗಿಡ ಬೆಳೆಯಬಹುದು. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ನಮ್ಮ ಮಾದಕ ವಸ್ತು ಕಾಯ್ದೆ, ಗಿಡದ ಉಳಿದ ಭಾಗವನ್ನೆಲ್ಲ ಒಳಗೆ ಸೇರಿಸಿ ಬೀಜವನ್ನು ಮಾತ್ರ ಹೊರಗಿಟ್ಟಿದೆ. ಹಾಗಾಗಿಯೇ ನಮ್ಮ ಅಂಗಡಿಯಲ್ಲಿ ಗಸಗಸೆ ಮೆಂತೆ, ಜೀರಿಗೆಯ ಪಕ್ಕದ ಡಬ್ಬದಲ್ಲಿ ಇರುತ್ತದೆ. ಯುಎಇ, ಸೌದಿ, ಕತಾರ್‌ಗಳಲ್ಲಿ ಬೀಜಕ್ಕೆ ಆ ವಿನಾಯಿತಿ ಇಲ್ಲ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೇ ಬರುತ್ತದೆ. ಸಿಂಗಾಪುರದಲ್ಲೂ ಸುಮ್ಮನೆ ತೆಗೆದುಕೊಂಡು ಹೋಗುವ ಹಾಗಿಲ್ಲ. "ಪಾಯಸಕ್ಕೆ ತಂದದ್ದು ಸಾರ್" ಅಂದರೆ ಅಲ್ಲಿನ ಅಧಿಕಾರಿಗೆ ಪಾಯಸ ಗೊತ್ತಿರಬೇಕೆಂದು ಇಲ್ಲ. ಸಿಕ್ಕಿದ್ದು ಎಷ್ಟು ಗ್ರಾಂ ಅನ್ನುವುದಕ್ಕಿಂತ ಸಿಕ್ಕಿದ್ದು ಏನು ಅನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆ.

ಗಸಗಸೆ ಪೊಟ್ಟಣ ಇಡದಿದ್ದರೆ ಮುಗಿಯಲಿಲ್ಲ. ಅದು ಅಡಗಿಕೊಂಡು ಹೋಗುವ ಜಾಗ ನೋಡಿ:

- ಕರ್ಜಿಕಾಯಿಯ ಹೂರಣ
- ಮೇಲೆ ಗಸಗಸೆ ಉದುರಿಸಿ ಕರಿದ ಅತಿರಸ, ಕಜ್ಜಾಯ
- ಮನೆಯಲ್ಲಿ ಹುರಿದು ಪುಡಿ ಮಾಡಿದ ಕುರ್ಮಾ ಮಸಾಲೆ, ಬಿರಿಯಾನಿ ಮಸಾಲೆ
- ಬಾಳಂತಿಗೆಂದು ಮಾಡಿದ ಪುಡಿ, ಉಂಡೆ
- ಅಂಗಡಿಯಲ್ಲಿ ಸಿಗುವ ಕೆಲವು ರೆಡಿ ಮಸಾಲೆ ಪ್ಯಾಕೆಟ್

ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನು ಹಾಕಿದ್ದಾರೆ ಅಂತ ಬರೆದಿರುತ್ತದೆ. ಅದರಲ್ಲಿ "ಪಾಪ್ಪಿ ಸೀಡ್ಸ್" ಅಥವಾ "ಖಸ್‌ಖಸ್" ಅಂತ ಕಂಡರೆ ಅದು ಗಸಗಸೆಯೇ. ಇಡಬೇಡಿ.

ವೀಳ್ಯದೆಲೆ, ತಾಯಿತ: ನಮಗೆ ದೇವರ ವಸ್ತು, ಅವರಿಗೆ ನಿಷೇಧದ ವಸ್ತು

ದೇವರ ಮುಂದೆ ವೀಳ್ಯದೆಲೆ, ಅಡಿಕೆ ಇಡದೆ ನಮ್ಮಲ್ಲಿ ಪೂಜೆ ಶುರುವೇ ಆಗುವುದಿಲ್ಲ. ಆದರೆ ದುಬೈ ಕಸ್ಟಮ್ಸ್‌ನ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಪಾನ್‌ಗೆ ಸೇರಿದ ಪದಾರ್ಥಗಳು ಇವೆ, ವೀಳ್ಯದೆಲೆಯ ಹೆಸರನ್ನೇ ಹಾಕಿದ್ದಾರೆ. ಎಲೆಯಡಿಕೆ ತಿಂದು ಉಗುಳುವುದು ಅಲ್ಲಿ ದೊಡ್ಡ ತಲೆಬಿಸಿ. ಪೂಜೆಗೆ ಐದೇ ಎಲೆ ಅಂತ ಹೇಳಿ ಪ್ರಯೋಜನ ಇಲ್ಲ. ಅಡಿಕೆಯೂ ಅದರ ಜೊತೆಗೇ ಬಂತು ಅಂತ ಎಣಿಸಿ ಬಿಟ್ಟುಬಿಡುವುದು ಕ್ಷೇಮ. ಗುಟ್ಕಾದ ಮಾತಂತೂ ಬೇಡವೇ ಬೇಡ.

ಅದೇ ಪಟ್ಟಿಯಲ್ಲಿ ಮಾಟ, ಮಂತ್ರಕ್ಕೆ ಬಳಸುವ ವಸ್ತುಗಳೂ ಇವೆ. ನಾವು ಹರಕೆ ಹೇಳಿಕೊಂಡು ಕಟ್ಟಿಸಿದ ತಾಯಿತ, ಮಂತ್ರಿಸಿದ ನೂಲಿನ ಉಂಡೆ, ತಗಡು, ಕೆಂಪು ಬಟ್ಟೆಯಲ್ಲಿ ಕಟ್ಟಿದ ತೆಂಗಿನಕಾಯಿ, ಬೂದಿ ಪೊಟ್ಟಣ ಇವೆಲ್ಲ ಸ್ಕ್ಯಾನರ್‌ನಲ್ಲಿ ನೋಡುವವನಿಗೆ ಏನಾಗಿ ಕಾಣಬಹುದು ಯೋಚಿಸಿ. ಮಗನಿಗೆ ದೃಷ್ಟಿಯಾಗದಿರಲಿ ಅಂತ ಕಳಿಸಿದ್ದು ಮಗನನ್ನೇ ಪ್ರಶ್ನೆ ಕೇಳಿಸುವ ಹಾಗೆ ಆಗಬಾರದು. ಪ್ರಸಾದ ಅಂತ ಕಳಿಸುವುದಿದ್ದರೆ ಒಣ ಪಂಚಕಜ್ಜಾಯದಂಥ ತಿನ್ನುವ ವಸ್ತು ಸಾಕು.

ಇನ್ನೊಂದು, ಹಬ್ಬದ ಕಟ್ಟಿನ ಜೊತೆ "ಹೇಗೂ ಹೋಗುತ್ತದಲ್ಲ" ಅಂತ ಔಷಧಿ ತುರುಕುವುದು. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಡಾಕ್ಟರ ಚೀಟಿ, ಅಲ್ಲಿನ ಆರೋಗ್ಯ ಇಲಾಖೆಯ ಮುಂಗಡ ಅನುಮತಿ ಇಲ್ಲದೆ ಹೋಗಬಾರದು. ಬೇರೆಯವರ ಕೈಯಲ್ಲಿ ಔಷಧಿ ಕಳಿಸಲೇಬೇಡಿ.

ವಿಮಾನದ್ದೇ ಬೇರೆ ನಿಯಮ

ಇಲ್ಲಿಯವರೆಗೆ ಹೇಳಿದ್ದು ಆ ದೇಶದ ಕಾನೂನು. ಅದಕ್ಕೂ ಮೊದಲು ಬಜ್ಪೆಯಲ್ಲೇ ತಡೆಯುವ ವಸ್ತುಗಳಿವೆ. ಇದು ಮಾದಕದ ವಿಷಯ ಅಲ್ಲ, ಬೆಂಕಿಯ ವಿಷಯ.

ಕರ್ಪೂರ: ಕಿಡಿ ತಾಗಿದರೆ ಸಾಕು, ಹೊತ್ತಿಕೊಳ್ಳುತ್ತದೆ. ವಿಮಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಕೈಚೀಲಕ್ಕೂ ಇಲ್ಲ, ದೊಡ್ಡ ಬ್ಯಾಗಿಗೂ ಇಲ್ಲ.

ಒಣ ಕೊಬ್ಬರಿ: ಇದನ್ನು ಕೇಳಿ ತುಂಬ ಜನ ನಗುತ್ತಾರೆ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ರಾಶಿ ಹಾಕಿಟ್ಟರೆ ತನ್ನಷ್ಟಕ್ಕೇ ಬಿಸಿಯೇರುವ ಗುಣ ಅದಕ್ಕುಂಟು, ಗೋದಾಮು ಇಟ್ಟುಕೊಂಡ ವ್ಯಾಪಾರಿಗಳಿಗೆ ಇದು ಗೊತ್ತಿರುತ್ತದೆ. ಆ ಕಾರಣಕ್ಕೆ ಅದೂ ಅಪಾಯಕಾರಿ ಸರಕು.

ತೆಂಗಿನಕಾಯಿ: ಕೈಚೀಲದಲ್ಲಿ ಬಿಡುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆ ಯಾತ್ರಿಕರ ಇರುಮುಡಿಯ ಕಾಯಿಗೆ ಅಂತಲೇ ವಿಮಾನಯಾನ ಇಲಾಖೆ 2025ರ ಜನವರಿ 20ರವರೆಗೆ ವಿಶೇಷ ಅನುಮತಿ ಕೊಡಬೇಕಾಯಿತು. ಅನುಮತಿ ಬೇಕಾಯಿತು ಅಂದರೆ ಮಾಮೂಲಿಗೆ ಇಲ್ಲ ಅಂತ ಅರ್ಥ. ದೊಡ್ಡ ಬ್ಯಾಗಿನಲ್ಲಿ ಇಡುವುದಾದರೆ ಆ ವಿಮಾನ ಕಂಪನಿಯನ್ನು ಮೊದಲೇ ಕೇಳಿ.

ತುಪ್ಪ, ಎಣ್ಣೆ, ಉಪ್ಪಿನಕಾಯಿ: ಅಂತರರಾಷ್ಟ್ರೀಯ ವಿಮಾನದ ಕೈಚೀಲದಲ್ಲಿ ದ್ರವ ವಸ್ತು 100 ಮಿಲಿಲೀಟರ್‌ನ ಬಾಟಲಿಗಿಂತ ಹೆಚ್ಚು ಇರಬಾರದು. ಉಪ್ಪಿನಕಾಯಿ, ತುಪ್ಪ ಏನಿದ್ದರೂ ಗಟ್ಟಿಯಾಗಿ ಮುಚ್ಚಿ, ಎರಡು ಪ್ಲಾಸ್ಟಿಕ್ ಸುತ್ತಿ ದೊಡ್ಡ ಬ್ಯಾಗಿಗೆ.

ಪಟಾಕಿ, ನಕ್ಷತ್ರಕಡ್ಡಿ, ಬೆಂಕಿಪೆಟ್ಟಿಗೆ ಕಟ್ಟು: ವಿಮಾನದಲ್ಲಿ ಪೂರ್ತಿ ನಿಷೇಧ. ಮಕ್ಕಳಿಗೆ ಅಂತ ಒಂದೇ ಪ್ಯಾಕೆಟ್ ನಕ್ಷತ್ರಕಡ್ಡಿಯೂ ಇಲ್ಲ. ಅಲ್ಲಿ ತಲುಪಿದ ಮೇಲೂ ಹೊಡೆಯುವ ಹಾಗಿಲ್ಲ. ಯುಎಇಯಲ್ಲಿ ಪರವಾನಗಿ ಇಲ್ಲದೆ ಪಟಾಕಿ ವ್ಯವಹಾರ ಮಾಡಿದರೆ 2019ರ ಕಾನೂನಿನಲ್ಲಿ ಒಂದು ವರ್ಷ ಜೈಲು, 1 ಲಕ್ಷ ದಿರ್ಹಂ ದಂಡದ ಮಾತು ಉಂಟು. ಪಟಾಕಿ ನೋಡಬೇಕಿದ್ದರೆ ಅಲ್ ಸೀಫ್, ಗ್ಲೋಬಲ್ ವಿಲೇಜ್‌ನಂಥ ಕಡೆ ದೀಪಾವಳಿಗೆ ಪ್ರದರ್ಶನ ಇರುತ್ತದೆ, ಅಲ್ಲಿಗೆ ಹೋಗಿ ನೋಡುತ್ತಾರೆ.

ಎಲೆ, ಹೂ, ಕದಿರು

ನಾಗರ ಪಂಚಮಿಗೆ ಅರಶಿನ ಎಲೆ, ಅಷ್ಟಮಿ, ಚೌತಿಗೆ ಮೂಡೆ, ಕೊಟ್ಟೆ ಕಡುಬಿನ ಎಲೆ, ತೋರಣಕ್ಕೆ ಮಾವಿನ ಎಲೆ. ಹಬ್ಬದ ಅರ್ಧ ಪರಿಮಳ ಇರುವುದು ಎಲೆಯಲ್ಲೇ. ಆದರೆ ಹಸಿ ಎಲೆ, ಗಿಡ, ಬೀಜ, ಮಣ್ಣು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ರೋಗ, ಕೀಟ ಇಲ್ಲ ಅನ್ನುವ ಸರ್ಕಾರಿ ಪ್ರಮಾಣಪತ್ರ ಕೇಳುತ್ತಾರೆ. ದೊಡ್ಡ ವ್ಯಾಪಾರಿಗಳು ಅದನ್ನು ಮಾಡಿಸಿಯೇ ಬಾಳೆ ಎಲೆ, ಹೂ, ತರಕಾರಿ ಕಳಿಸುತ್ತಾರೆ. ನಮ್ಮ ಜಿಲ್ಲೆಯ ಶಂಕರಪುರ ಮಲ್ಲಿಗೆ ಬಜ್ಪೆಯಿಂದ ಗಲ್ಫ್‌ಗೆ ಹೋಗುವುದು ಹೀಗೇ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅನ್ನುವ ಲೆಕ್ಕದಲ್ಲಿ ಇಲ್ಲಿ ಕಟ್ಟಿದ ಹೂವನ್ನು ಅಲ್ಲಿನ ನಮ್ಮವರು ಹಬ್ಬಕ್ಕೆ ಕೊಂಡು ಮುಡಿಯುತ್ತಾರೆ.

ಅಂದರೆ ಎಲೆ, ಹೂ ನೀವು ಸೂಟ್‌ಕೇಸಿನಲ್ಲಿ ಇಡುವ ಅಗತ್ಯವೇ ಇಲ್ಲ. ದುಬೈಯ ಕರಾಮಾ, ಬರ್ ದುಬೈ ಮೀನಾ ಬಜಾರ್ ಕಡೆಯ ಭಾರತೀಯ ಅಂಗಡಿಗಳಲ್ಲಿ ಹಬ್ಬದ ಮುನ್ನಾದಿನ ಬಾಳೆ ಎಲೆ, ಮಾವಿನ ಎಲೆ, ಹೂ, ತೆಂಗಿನಕಾಯಿ, ಹಣತೆ ಎಲ್ಲ ರಾಶಿ ಬೀಳುತ್ತದೆ. ಇಲ್ಲಿಗಿಂತ ರೇಟು ಜಾಸ್ತಿ, ಅಷ್ಟೇ.

ಕದಿರಿನ ವಿಷಯವೂ ಹಾಗೇ. ನಮ್ಮಲ್ಲಿ ಹೊಸ್ತಿನ ದಿನ ಗದ್ದೆಯಿಂದ ಕದಿರು ತಂದು ಮನೆಗೆ ಕಟ್ಟುತ್ತೇವೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಕುಡಿಯುತ್ತಾರೆ, ಪರವೂರಿನಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ಕಳಿಸುವ ಕ್ರಮವೂ ಉಂಟು. ಹೊಟ್ಟು ತೆಗೆದು, ಹುರಿದು ಪುಡಿ ಮಾಡಿದ ಕಾಳಿಗಿಂತ ತೆನೆ ಇದ್ದ ಹಾಗೇ ಕಳಿಸಿದರೆ ತೊಂದರೆ ಜಾಸ್ತಿ. ಬಿತ್ತಿದರೆ ಮೊಳೆಯುವ ಬೀಜ ಅಂದರೆ ಕಸ್ಟಮ್ಸ್‌ನವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಅಮೆರಿಕ, ಆಸ್ಟ್ರೇಲಿಯಾಕ್ಕೆ ಕಳಿಸುವವರಿಗೆ

ಈಗ ನಮ್ಮ ಮಕ್ಕಳು ಗಲ್ಫ್ ಬಿಟ್ಟು ಬೇರೆ ಕಡೆಯೂ ಇದ್ದಾರೆ. ಅಲ್ಲಿನ ಚಿಂತೆ ಮಾದಕಕ್ಕಿಂತ ಹೆಚ್ಚು ಕೀಟ ಮತ್ತು ದನದ ಕಾಯಿಲೆಯದ್ದು.

ಅಮೆರಿಕಕ್ಕೆ ಭಾರತದಿಂದ ಪ್ರಯಾಣಿಕರು ಅಕ್ಕಿ ಒಯ್ಯುವ ಹಾಗಿಲ್ಲ. ಖಾಪ್ರಾ ಅನ್ನುವ ದವಸದ ಹುಳು ಕಾರಣ. ಹಸಿ ಕರಿಬೇವಿನ ಎಲೆಯೂ ಬೇಡ. ಬ್ರಿಟನ್‌ಗೆ ಹಾಲಿನ ಪದಾರ್ಥ ಒಯ್ಯಬಾರದು, ಅಂದರೆ ಪೇಡ, ಖೋವಾದ ಸಿಹಿ ಕಳಿಸಬೇಡಿ. ಆಸ್ಟ್ರೇಲಿಯಾದವರು ಎಲ್ಲರಿಗಿಂತ ಬಿಗಿ. ಬೀಜ, ಎಲೆ, ಹೂ, ಹಾಲಿನ ಸಿಹಿ ಎಲ್ಲಕ್ಕೂ ತಕರಾರು. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಒಂದು ಅನುಕೂಲ ಏನೆಂದರೆ, ಇಳಿಯುವಾಗ "ತಿನ್ನುವ ವಸ್ತು ಉಂಟು" ಅಂತ ಸತ್ಯ ಹೇಳಿದರೆ ಹೆಚ್ಚೆಂದರೆ ವಸ್ತು ಕಸದ ಬುಟ್ಟಿಗೆ ಹೋಗುತ್ತದೆ. ಮುಚ್ಚಿಟ್ಟು ಸಿಕ್ಕಿದರೆ ನೂರಾರು ಡಾಲರ್ ದಂಡ.

ಅಮೆರಿಕದವರಿಗೆ ಇನ್ನೊಂದು ಗೊಂದಲ ಹಬ್ಬದ ತಾರೀಕಿನದ್ದು. ತಿಥಿ ಶುರುವಾಗುವುದು, ಮುಗಿಯುವುದು ಇಡೀ ಲೋಕಕ್ಕೆ ಒಂದೇ ಗಳಿಗೆಯಲ್ಲಿ. ಆದರೆ ಆ ಗಳಿಗೆಯಲ್ಲಿ ನಮಗೆ ಸಂಜೆಯಾಗಿದ್ದರೆ ಅವರಿಗೆ ಬೆಳಿಗ್ಗೆ. 2024ರ ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ ಸುಮಾರು 4 ಗಂಟೆಗೆ ಶುರುವಾಗಿ ನವೆಂಬರ್ 1ರ ಸಂಜೆ 6 ದಾಟಿ ಮುಗಿಯಿತು. ಹಾಗಾಗಿ ಲಕ್ಷ್ಮೀಪೂಜೆ ಯಾವತ್ತು ಅಂತ ನಮ್ಮ ಅಂಗಡಿಯವರಿಗೇ ಗೊಂದಲ ಆಗಿತ್ತು. ನ್ಯೂಯಾರ್ಕ್‌ನಲ್ಲಿ ಆಗ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅವರಿಗೆ ಅಮಾವಾಸ್ಯೆ 31ರ ಬೆಳಿಗ್ಗೆ ಶುರುವಾಗಿ 1ರ ಬೆಳಿಗ್ಗೆಯೇ ಮುಗಿದಿತ್ತು, ಹಾಗಾಗಿ 31ರ ಸಂಜೆ ಅಂತ ಸಲೀಸಾಗಿ ಹೇಳಬಹುದಿತ್ತು. ಆ ವರ್ಷ ನವೆಂಬರ್ 1ರಂದು ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ಮೊದಲ ಬಾರಿ ದೀಪಾವಳಿ ರಜೆಯೂ ಸಿಕ್ಕಿತು. ಗಲ್ಫ್ ನಮಗಿಂತ ಒಂದೂವರೆಯಿಂದ ಎರಡೂವರೆ ಗಂಟೆ ಮಾತ್ರ ಹಿಂದೆ, ಹಾಗಾಗಿ ಅಲ್ಲಿ ದಿನ ಬದಲಾಗುವುದು ಅಪರೂಪ. "ನೀನ್ಯಾಕೆ ಒಂದು ದಿನ ಮೊದಲೇ ಹಬ್ಬ ಮಾಡಿದೆ" ಅಂತ ಅಮೆರಿಕದ ಮಗಳಿಗೆ ಬೈಯುವ ಮೊದಲು ಇದು ನೆನಪಿರಲಿ.

ಬೇರೆಯವರ ಕಟ್ಟು ಕೈಯಲ್ಲಿ ಹಿಡಿಯುವಾಗ

ನಮ್ಮೂರಲ್ಲಿ ಒಬ್ಬರು ಗಲ್ಫ್‌ಗೆ ಹೊರಟರೆ ಹತ್ತು ಮನೆಯವರಿಗೆ ಗೊತ್ತಾಗುತ್ತದೆ. "ಒಂದು ಸಣ್ಣ ಕಟ್ಟು, ಮಗನಿಗೆ ಕೊಟ್ಟುಬಿಡಿ" ಅಂತ ಬರುತ್ತಾರೆ. ಇಲ್ಲ ಅನ್ನುವುದಕ್ಕೆ ಬಾಯಿ ಬರುವುದಿಲ್ಲ.

2019ರಲ್ಲಿ ಮುಂಬೈಯ ಒಂದು ದಂಪತಿ ಸಂಬಂಧಿಕರು ಕೊಟ್ಟ ಪೊಟ್ಟಣವನ್ನು ನಂಬಿ ಕತಾರ್‌ಗೆ ಒಯ್ದರು. ಒಳಗಿದ್ದದ್ದು ಚರಸ್. ಇಬ್ಬರಿಗೂ ಹತ್ತು ವರ್ಷ ಶಿಕ್ಷೆಯಾಯಿತು. ಅವರಿಗೆ ಗೊತ್ತಿರಲಿಲ್ಲ ಅನ್ನುವುದು ಸಾಬೀತಾಗಿ ಬಿಡುಗಡೆಯಾಗುವಾಗ 2021 ಆಗಿತ್ತು. ಆ ಮಧ್ಯೆ ಅವರ ಮಗು ಹುಟ್ಟಿದ್ದೂ ಜೈಲಿನಲ್ಲೇ.

ನಮ್ಮೂರಿನವರು ಯಾರೂ ಚರಸ್ ಕೊಡುವುದಿಲ್ಲ ಅನ್ನೋಣ. ಗಸಗಸೆ ಹಾಕಿದ ಕರ್ಜಿಕಾಯಿ ಕೊಡುತ್ತಾರಲ್ಲ? ನಮ್ಮ ಅಮ್ಮನೇ ಕೊಡುತ್ತಿದ್ದರು. ಬ್ಯಾಗ್ ಯಾರ ಹೆಸರಿನಲ್ಲಿದೆಯೋ ಅದರೊಳಗಿನ ಎಲ್ಲಕ್ಕೂ ಅವರೇ ಜವಾಬ್ದಾರರು. ಹಾಗಾಗಿ ಕಟ್ಟು ಕೊಡುವವರು ಬಿಚ್ಚಿಕೊಂಡೇ ತಂದುಕೊಡಿ, ಒಯ್ಯುವವರ ಎದುರಲ್ಲೇ ಕಟ್ಟಿ. ಒಯ್ಯುವವರು ಬಿಚ್ಚಿ ನೋಡಿದರೆ "ನಮ್ಮ ಮೇಲೆ ನಂಬಿಕೆ ಇಲ್ಲವಾ" ಅಂತ ಮುನಿಸಿಕೊಳ್ಳಬೇಡಿ.

ಕೊರಿಯರ್ ಅಥವಾ ಅಂಚೆಯಲ್ಲಿ ಕಳಿಸುವುದಾದರೆ ಒಳಗೆ ಏನಿದೆ, ಎಷ್ಟಿದೆ ಅಂತ ಕಸ್ಟಮ್ಸ್ ಫಾರಂನಲ್ಲಿ ಬರೆಯಬೇಕು. "ಸ್ವೀಟ್ಸ್" ಅಂತ ಒಂದೇ ಪದ ಬರೆಯುವುದಕ್ಕಿಂತ "ಎಳ್ಳುಂಡೆ 500 ಗ್ರಾಂ, ಅಕ್ಕಿ ಹಪ್ಪಳ 50" ಅಂತ ಬರೆಯಿರಿ. ಕೌಂಟರ್‌ನಲ್ಲಿ ಕೂತವನಾಗಿ ಹೇಳುತ್ತೇನೆ, ಬಿಡಿಸಿ ಬರೆದ ಪಾರ್ಸಲ್ ಬಗ್ಗೆ ಪ್ರಶ್ನೆ ಕಡಿಮೆ.

ಹಾಗಾದರೆ ಏನು ಕಳಿಸಬಹುದು?

ಗಲ್ಫ್‌ನಲ್ಲಿರುವವರಿಗೆ ಕಳಿಸಲು ಬೇಕಾದಷ್ಟು ಉಂಟು: ಅಕ್ಕಿ ಹಪ್ಪಳ, ಹಲಸಿನ ಹಪ್ಪಳ, ಸಂಡಿಗೆ, ಜೋನಿಯಲ್ಲದ ಗಟ್ಟಿ ಬೆಲ್ಲ, ಅವಲಕ್ಕಿ, ಎಳ್ಳುಂಡೆ, ಚಕ್ಕುಲಿ, ಹಲಸಿನ ಚಿಪ್ಸ್, ಗಸಗಸೆ ಹಾಕದ ಮಸಾಲೆ ಪುಡಿ, ಅರಶಿನ, ಕುಂಕುಮ, ಹತ್ತಿ ಬತ್ತಿ, ಮಕ್ಕಳಿಗೆ ಹೊಸ ಬಟ್ಟೆ. ಮನೆ ತಿಂಡಿಯ ಮೇಲೆ ಹೆಸರು ಬರೆದ ಚೀಟಿ ಅಂಟಿಸಿ, ಇಂಗ್ಲಿಷಿನಲ್ಲಿದ್ದರೆ ಒಳ್ಳೆಯದು. ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ಮೊದಲು ಆ ವಿಮಾನ ಕಂಪನಿಯ ಮತ್ತು ಆ ದೇಶದ ಕಸ್ಟಮ್ಸ್‌ನ ವೆಬ್‌ಸೈಟ್ ಒಮ್ಮೆ ನೋಡಿ. ನಿಮಗೆ ಬಾರದಿದ್ದರೆ ಅಲ್ಲಿರುವ ಮಗನನ್ನೇ ನೋಡಲು ಹೇಳಿ.

ಒಂದು ವೇಳೆ ಯಾರಾದರೂ ಸಿಕ್ಕಿಬಿದ್ದರೆ ಏಜೆಂಟರ ಹಿಂದೆ ಓಡಬೇಡಿ. ಮೊದಲು ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ಗೆ ತಿಳಿಸಿ. ವಿದೇಶಾಂಗ ಇಲಾಖೆಯ "ಮದದ್" ಪೋರ್ಟಲ್ 2015ರಿಂದ ಇದೆ, ಊರಿನಲ್ಲಿ ಕೂತೇ ದೂರು ಹಾಕಬಹುದು. ಪಾಸ್‌ಪೋರ್ಟ್ ಮತ್ತು ವೀಸಾದ ಒಂದು ಜೆರಾಕ್ಸ್ ಮನೆಯಲ್ಲಿ ಇಟ್ಟುಕೊಂಡಿರಿ, ಆಗ ಹುಡುಕುವ ಹಾಗಾಗುವುದಿಲ್ಲ.

ಅಂಗಡಿಯವರಲ್ಲಿ ಒಂದು ಮಾತು

ಬಜ್ಪೆ ನಮ್ಮಿಂದ ಸುಮಾರು ನೂರು ಕಿಲೋಮೀಟರ್. ಅಲ್ಲಿಯ ಸ್ಕ್ಯಾನರ್ ಹಿಡಿಯುವ ಮೊದಲು ಹಿಡಿಯಬಹುದಾದವರು ನೀವೇ. ಹಬ್ಬದ ವಾರದಲ್ಲಿ ಯಾರಾದರೂ ಗಸಗಸೆ, ಕೊಬ್ಬರಿ, ಕರ್ಪೂರ, ವೀಳ್ಯದೆಲೆ ಒಟ್ಟಿಗೆ ಕೇಳಿದರೆ "ಮನೆಗಾ, ಹೊರಗೆ ಹೋಗುವುದಾ?" ಅಂತ ಒಂದು ಮಾತು ಕೇಳಿ. ಬೇಕರಿಯವರು, ಮನೆ ತಿಂಡಿ ಮಾಡಿ ಮಾರುವ ಅಕ್ಕಂದಿರು ಗಸಗಸೆ ಹಾಕಿದ ತಿಂಡಿಯ ಮೇಲೆ "ಗಸಗಸೆ ಇದೆ, ವಿದೇಶಕ್ಕೆ ಬೇಡ" ಅಂತ ಒಂದು ಚೀಟಿ ಹಾಕಿದರೆ ಇನ್ನೂ ಒಳ್ಳೆಯದು. ಕಾಲು ಕಿಲೋ ಗಸಗಸೆಯ ವ್ಯಾಪಾರ ತಪ್ಪಬಹುದು. ನಮ್ಮ ಮನೆಯವರು ಆಮೇಲೆ ಬೇರೆ ಅಂಗಡಿಗೆ ಹೋಗಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ಹೋದ ವರ್ಷ ಅಕ್ಕನಿಗೆ ಹೋದದ್ದು ಎಳ್ಳುಂಡೆ, ಹಪ್ಪಳ, ಬೆಲ್ಲ, ಹತ್ತಿ ಬತ್ತಿ, ಮಗುವಿಗೆ ಒಂದು ಲಂಗ. ಎಲೆ, ಹೂ, ಕಾಯಿ ಅವಳು ಅಲ್ಲೇ ತಂದಳು. ಹಬ್ಬದ ರಾತ್ರಿ ವಿಡಿಯೋ ಕಾಲ್‌ನಲ್ಲಿ ಬಾಲ್ಕನಿಯ ದೀಪ ತೋರಿಸಿದಳು, ಅಮ್ಮ ಇಲ್ಲಿ ಫೋನು ಹಿಡಿದುಕೊಂಡು ಗದ್ದೆಯ ದೀಪ ತೋರಿಸಿದರು. ಮಗು "ಅಜ್ಜಿ, ಕರ್ಜಿಕಾಯಿ ಎಲ್ಲಿ?" ಅಂತ ಕೇಳಿತು.

ಬೇಸಿಗೆ ರಜೆಯಲ್ಲಿ ಅವರು ಊರಿಗೆ ಬಂದಾಗ ಅಮ್ಮ ಮೊದಲ ದಿನ ಕರ್ಜಿಕಾಯಿ ಮಾಡಿದರು, ಎರಡನೇ ದಿನ ಗಸಗಸೆ ಪಾಯಸ. ಸಾಮಾನು ತರಲು ನಾನೇ ಹೋಗಿದ್ದೆ. ಅಂಗಡಿಯವರು ಚೀಟಿ ನೋಡಿ ಈ ಸಲವೂ ಕೇಳಿದರು. ಮನೆಗೇ ಅಂದೆ. ತೂಕ ಮಾಡಿ ಕೊಟ್ಟರು.